ಬಸ್ಸು ಹತ್ತಲಾಗದ ಮಗು ಶಾಲೆಗೆ ಹೋಗುವುದು ಹೇಗೆ?

ಸೊರಬ ತಾಲ್ಲೂಕಿನ ಕುಬಟೂರಿನವರಿಗೆ ಶಿಕ್ಷಣ ಸಚಿವರ ಮನೆತನ ದೂರದ್ದೇನಲ್ಲ. ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪ ಹುಟ್ಟಿದ್ದು ಇದೇ ಊರಲ್ಲಿ. ಅವರ ಮಗ, ಸೊರಬದ ಶಾಸಕ ಮಧು ಬಂಗಾರಪ್ಪ 2023ರಲ್ಲಿ ರಾಜ್ಯದ ಶಾಲಾ ಶಿಕ್ಷಣ ಸಚಿವರಾದರು. ಹೀಗಿರುವಾಗ ಶಾಲೆಗೆ ಸಂಬಂಧಿಸಿದ ಯಾವ ತೊಡಕು ಬಂದರೂ "ಸಾಹೇಬ್ರ ಹತ್ರ ಒಂದು ಮಾತು ಹೇಳ್ಸಿ ನೋಡಿ" ಎಂಬ ಸಲಹೆ ಯಾರ ಬಾಯಲ್ಲಾದರೂ ಬರುವುದು ಸಹಜ. ಶಾಲೆಗೊಂದು ಹೊಸ ಕೊಠಡಿಯೋ ಕಾಂಪೌಂಡೋ ಬೇಕಿದ್ದರೆ ಅದೂ ಒಂದು ದಾರಿ ಇರಬಹುದು. ಆದರೆ ನಡೆಯಲಾಗದ ಮಗುವನ್ನು ಶಾಲೆಗೆ ಮುಟ್ಟಿಸುವುದು ಯಾರ ಶಿಫಾರಸಿನ ಮೇಲೂ ನಿಂತ ವಿಷಯವಲ್ಲ. ಅದಕ್ಕೆ ಕಾನೂನಿದೆ. ಅರ್ಜಿ ಹೋಗಬೇಕಾದದ್ದು ಸೊರಬದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಟಪಾಲು ಮೇಜಿಗೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಊರಿಂದ ತುಸು ಆಚೆ, ಅಡಿಕೆ ತೋಟದ ಅಂಚಿನಲ್ಲಿದೆ. ಅಲ್ಲಿನ ಎಂಟು ವರ್ಷದ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪಾರ್ಶ್ವವಾಯು. ಮಾತು ತೊದಲುತ್ತದೆ, ಲೆಕ್ಕ ಚುರುಕು. ಕಾಲು ಎಳೆದುಕೊಂಡು ನಾಲ್ಕು ಹೆಜ್ಜೆ ನಡೆದಾನು, ಕೂತರೆ ಬೆನ್ನಿಗೆ ಆಸರೆ ಬೇಕು. ಒಂದನೇ ತರಗತಿಯಲ್ಲಿ ಅಮ್ಮ ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳು. ಈಗ ಅವನ ತೂಕ ಹೆಚ್ಚಿದೆ, ಅವಳ ಸೊಂಟ ನೋಯುತ್ತದೆ. ಜೂನ್ ಬಂತೆಂದರೆ ತೋಟದ ದಾರಿಯಲ್ಲಿ ಮೊಣಕಾಲುದ್ದ ಕೆಸರು. ರಸ್ತೆಗೆ ಬಂದರೂ ಬಸ್ಸಿನ ಮೊದಲ ಮೆಟ್ಟಿಲೇ ಹುಡುಗನ ಮೊಣಕಾಲಿಗಿಂತ ಎತ್ತರ. ಬೆಳಗಿನ ಹೊತ್ತು ಆ ಮೆಟ್ಟಿಲ ಮೇಲೆ ಆನವಟ್ಟಿಗೆ ಹೋಗುವ ಕಾಲೇಜು ಹುಡುಗರು ಜೋತಾಡುತ್ತಿರುತ್ತಾರೆ. ಶಾಲೆಯ ದಾಖಲೆಯಲ್ಲಿ ಅವನ ಹೆಸರಿದೆ, ಹಾಜರಿಯಲ್ಲಿ ಮಾತ್ರ ವಾರಗಟ್ಟಲೆ ಗೈರು. ಕೊನೆಗೊಂದು ದಿನ ಯಾರೋ ಬಂದು, "ಇಷ್ಟೆಲ್ಲ ಯಾಕೆ ಕಷ್ಟ ಪಡ್ತೀರಮ್ಮ? ಮನೆಗೇ ಟೀಚರ್ ಬರ್ತಾರೆ, ಇಲ್ಲೊಂದು ಸಹಿ ಹಾಕಿ" ಅನ್ನುತ್ತಾರೆ.

ಆ ಸಹಿ ಹಾಕುವ ಮುನ್ನ ತಿಳಿದಿರಬೇಕಾದದ್ದು ಇದೆ. ಗೃಹಾಧಾರಿತ ಶಿಕ್ಷಣವನ್ನು ಶಿಕ್ಷಣ ಹಕ್ಕು ಕಾಯ್ದೆಗೆ ಸೇರಿಸಿದ್ದು 2012ರ ತಿದ್ದುಪಡಿ. ತೀವ್ರ ಅಥವಾ ಬಹುವಿಧ ವೈಕಲ್ಯವಿರುವ ಮಗು ಬಯಸಿದರೆ ಮನೆಯಲ್ಲೇ ಕಲಿಯಬಹುದು ಎನ್ನುತ್ತದೆ ಅದು. ಆಯ್ಕೆ ಮಗುವಿನದು, ಹೆತ್ತವರದು. ವಾಹನ ಒದಗಿಸಲಾಗದ ಇಲಾಖೆಗೆ ಸಿಕ್ಕ ಸುಲಭದ ದಾರಿ ಅದಲ್ಲ. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಮನೆ ಪಾಠ ವರವೇ ಸರಿ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಮನೆಗೆ ಬಂದು ಕಲಿಸುವ ಸಂಪನ್ಮೂಲ ಶಿಕ್ಷಕರು ಎಷ್ಟೇ ಶ್ರದ್ಧೆಯವರಾದರೂ ಪ್ರತಿ ಮನೆಗೆ ಪ್ರತಿದಿನ ಬರಲಾರರು. ಬಿಸಿಯೂಟದ ಸಾಲು, ಪಕ್ಕದ ಹುಡುಗನ ಜೊತೆ ಜಗಳ, ಪ್ರತಿಭಾ ಕಾರಂಜಿ, ಇವೆಲ್ಲ ಮನೆಯಲ್ಲಿ ಸಿಗುವುದೂ ಇಲ್ಲ. ಮಗು ಶಾಲೆಯಲ್ಲಿ ಕೂರಬಲ್ಲದು, ಆದರೆ ಶಾಲೆ ತಲುಪಲಾರದು ಎಂದಾದರೆ ನೀವು ಕೇಳಬೇಕಾದದ್ದು ವಾಹನವನ್ನು.

ಕೇಳಲು ಎರಡು ಕಾಯ್ದೆಗಳ ಬಲವಿದೆ. ಮೊದಲನೆಯದು 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ದಾಖಲಿಸಿಕೊಂಡರೆ ಸರ್ಕಾರದ ಕೆಲಸ ಮುಗಿಯಿತೆಂದು ಅದು ಹೇಳುವುದಿಲ್ಲ. ಎಂಟನೇ ಕಲಮಿನ ಪ್ರಕಾರ ದಾಖಲಾತಿ, ಹಾಜರಾತಿ, ಎಂಟನೇ ತರಗತಿ ಮುಗಿಸುವುದು, ಮೂರೂ ಸರ್ಕಾರದ ಹೊಣೆ. "ನಿಮ್ಮ ಮಗ ಶಾಲೆಗೆ ಬರೋದೇ ಇಲ್ವಲ್ಲ" ಎಂಬ ದೂರು ಪೋಷಕರ ಮೇಲೆ ಬಂದಾಗ ಈ ಕಲಮನ್ನು ನೆನಪಿಸಬಹುದು. ಕಾಯ್ದೆಯ ಜೊತೆಗೆ ಕೇಂದ್ರವು ರಾಜ್ಯಗಳಿಗೆ ಕಳಿಸಿದ ಮಾದರಿ ನಿಯಮಗಳಲ್ಲಿ, ವೈಕಲ್ಯದಿಂದಾಗಿ ಶಾಲೆ ತಲುಪಲಾಗದ ಮಕ್ಕಳಿಗೆ ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರ ಸೂಕ್ತ, ಸುರಕ್ಷಿತ ಸಾರಿಗೆ ವ್ಯವಸ್ಥೆ ಮಾಡಬೇಕೆಂದೂ ಇದೆ.

ಎರಡನೆಯದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಇದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಹಳೆಯ 1995ರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು. ಇದರಲ್ಲಿ ಇಪ್ಪತ್ತೊಂದು ಇವೆ, ಆಟಿಸಂ, ಕಲಿಕಾ ನ್ಯೂನತೆಗಳೂ ಸೇರಿ. ಹದಿನಾರನೇ ಕಲಮು ಸಾರಿಗೆಯ ಹೆಸರೆತ್ತಿಯೇ ಹೇಳುತ್ತದೆ: ವಿಕಲಚೇತನ ಮಕ್ಕಳಿಗೆ ಸಾರಿಗೆ ಸೌಲಭ್ಯ ಕೊಡಬೇಕು, ಹೆಚ್ಚಿನ ನೆರವು ಬೇಕಾದ ಮಗುವಾದರೆ ಜೊತೆಗೆ ಬರುವವರಿಗೂ ಕೊಡಬೇಕು. ಸರ್ಕಾರಿ ಶಾಲೆಯಷ್ಟೇ ಅಲ್ಲ, ಅನುದಾನಿತ ಶಾಲೆಗೂ ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ಕಲಮಿನ ಆರಂಭದಲ್ಲಿ ಸರ್ಕಾರ "ಪ್ರಯತ್ನಿಸತಕ್ಕದ್ದು" ಎಂಬ ಮಾತಿರುವುದು ನಿಜ. ಇಲಾಖೆಯ ವಕೀಲರು ಆ ಸಂದಿಯಲ್ಲಿ ನುಸುಳಲು ನೋಡುತ್ತಾರೆ. ಅದಕ್ಕೇ ಅರ್ಜಿಯಲ್ಲಿ ಎರಡೂ ಕಾಯ್ದೆಗಳನ್ನು ಒಟ್ಟಿಗೆ ಹೆಸರಿಸಬೇಕು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದರೆ ಉಚಿತ ಶಿಕ್ಷಣದ ಹಕ್ಕು ಹದಿನೆಂಟು ವರ್ಷದವರೆಗೆ ಮುಂದುವರಿಯುತ್ತದೆ. ಇದು ಮೂವತ್ತೊಂದನೇ ಕಲಮು.

"ಮೊದಲು ಯುಡಿಐಡಿ ಕಾರ್ಡ್ ತನ್ನಿ, ಆಮೇಲೆ ನೋಡೋಣ" ಎಂಬ ಉತ್ತರ ಸಿಕ್ಕೇ ಸಿಗುತ್ತದೆ. ಯುಡಿಐಡಿ ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದೇ. ಬಸ್ ಪಾಸಿಗೂ ಮಾಸಾಶನಕ್ಕೂ ಅದು ಬೇಕಾಗುತ್ತದೆ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಊರವರು ವಿಆರ್‌ಡಬ್ಲ್ಯು ಎನ್ನುವವರು, ಇದಕ್ಕೆ ನೆರವಾಗಬೇಕು. ತಜ್ಞ ವೈದ್ಯರ ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಹೋಗಬೇಕಾಗಿ ಬಂದರೆ ಒಂದಿಡೀ ದಿನದ ಕೂಲಿ ಹೋಯಿತು. ಹಾಗಾಗಿ ಸೊರಬದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯವುಳ್ಳ ಮಕ್ಕಳ ವೈದ್ಯಕೀಯ ಶಿಬಿರ ಯಾವಾಗ ನಡೆಯುತ್ತದೆಂದು ಮೊದಲು ವಿಚಾರಿಸಿ. ಆದರೆ ಕಾರ್ಡ್ ಇಲ್ಲದ ಕಾರಣಕ್ಕೆ ಸಾರಿಗೆಯ ಅರ್ಜಿಯನ್ನೇ ತೆಗೆದುಕೊಳ್ಳದಿರುವುದು ಸರಿಯಲ್ಲ. ಹದಿನಾರನೇ ಕಲಮಿನಲ್ಲಿ ಶೇ. 40ರ ಷರತ್ತಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರಿಗೆ ಲಿಪಿಕಾರರ ನೆರವು ನಿರಾಕರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ, ಸೂಕ್ತ ಹೊಂದಾಣಿಕೆಯ ಹಕ್ಕು ಶೇ. 40 ಮುಟ್ಟಿದವರಿಗಷ್ಟೇ ಸೀಮಿತವಲ್ಲ ಎಂದು ಸ್ಪಷ್ಟಪಡಿಸಿತು. ವಿಕಾಸ್ ಕುಮಾರ್ ಪ್ರಕರಣ ಎಂದೇ ಅದು ಪ್ರಸಿದ್ಧ.

ಇನ್ನೊಂದು ಉತ್ತರ ಇದಕ್ಕಿಂತ ಜಾಣತನದ್ದು: "ಶಾಲೆ ಒಂದು ಕಿಲೋಮೀಟರ್ ಒಳಗೇ ಇದೆಯಲ್ಲ, ದೂರಕ್ಕೆ ಮಾತ್ರ ಸಾರಿಗೆ." ರಾಜ್ಯದ ನಿಯಮದಲ್ಲಿ ಐದನೇ ತರಗತಿಯವರೆಗೆ ಒಂದು ಕಿ.ಮೀ., ಎಂಟರವರೆಗೆ ಮೂರು ಕಿ.ಮೀ. ಒಳಗೆ ಶಾಲೆ ಇರಬೇಕು ಎಂದಿದೆ. ಅದು ನಡೆಯಬಲ್ಲ ಮಕ್ಕಳ ಲೆಕ್ಕ. ಕಾಲು ಊರಲಾಗದವನಿಗೆ ಅರ್ಧ ಕಿಲೋಮೀಟರೂ ದೂರವೇ. ಇಂಗ್ಲೆಂಡಿನ ಶಿಕ್ಷಣ ಕಾನೂನು ಈ ಮಾತನ್ನು ಬಿಡಿಸಿಯೇ ಹೇಳಿದೆ. ಅಲ್ಲಿ ದೂರದ ಮಿತಿಯೊಳಗಿದ್ದರೂ ವೈಕಲ್ಯದಿಂದ ನಡೆಯಲಾಗದ ಮಗುವಿಗೆ ಸ್ಥಳೀಯ ಆಡಳಿತವೇ ಉಚಿತ ವಾಹನ ಕಳಿಸಬೇಕು. ನಮ್ಮ ಮಾದರಿ ನಿಯಮವೂ ಮಗು ಶಾಲೆ ತಲುಪಬಲ್ಲದೇ ಎಂದು ಕೇಳುತ್ತದೆಯೇ ಹೊರತು ಎಷ್ಟು ಕಿಲೋಮೀಟರ್ ಎಂದಲ್ಲ.

ದಾರಿಯ ಖರ್ಚು ಓದಿನ ಖರ್ಚಿನ ಭಾಗ ಎಂಬುದನ್ನು ರಾಜ್ಯ ಬಹಳ ಹಿಂದೆಯೇ ಒಪ್ಪಿಕೊಂಡಿದೆ. 2006-07ರಲ್ಲಿ ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಆಗ ಹಣಕಾಸು ಖಾತೆ ಹೊತ್ತಿದ್ದವರು ಪಕ್ಕದ ಶಿಕಾರಿಪುರದಿಂದ ಗೆದ್ದಿದ್ದ ಬಿ.ಎಸ್. ಯಡಿಯೂರಪ್ಪ. ಒಳ್ಳೆಯ ಯೋಜನೆ. ಪೆಡಲ್ ತುಳಿಯಲಾಗದ ಮಗುವಿಗೆ ಅದರ ಬದಲು ಏನು ಎಂಬ ಪ್ರಶ್ನೆಯನ್ನು ಮಾತ್ರ ಆಗ ಯಾರೂ ಅಷ್ಟಾಗಿ ಕೇಳಲಿಲ್ಲ.

ಹಣ ಎಲ್ಲಿಂದ ಬರುತ್ತದೆ? 2018-19ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ ಅವಕಾಶವಿದೆ. ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆ, ಸಾಧನ ಸಲಕರಣೆ ಎಲ್ಲವೂ ಇದರಡಿ ಬರುತ್ತವೆ. ಹೆಣ್ಣುಮಗುವಾದರೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಶಿಷ್ಯವೇತನವಿದೆ. ದಿನಾ ಆಟೋದಲ್ಲಿ ಹೋಗಿ ಬರಲು ಈ ದುಡ್ಡು ಎಷ್ಟು ತಿಂಗಳಿಗೆ ಸಾಕಾದೀತೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಆದರೂ ಇದನ್ನು ಬಿಡಬಾರದು, ಇಷ್ಟಕ್ಕೇ ಸುಮ್ಮನಾಗಲೂಬಾರದು. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಆ ದುಡ್ಡು ಎಲ್ಲಿಗೆ ಹೋಯಿತೆಂದು ಕೇಳಿ, ತೋಟದ ದಾರಿಗೆ ಜಲ್ಲಿಯನ್ನೋ ಆಟೋ ಬಾಡಿಗೆಯ ಒಂದು ಪಾಲನ್ನೋ ಬರೆಸಬಹುದು. ನಡಾವಳಿಯಲ್ಲಿ ಬರೆಸಿ, ಬಾಯಿ ಮಾತು ಸಾಲದು.

ಇಲ್ಲಿ ತಪ್ಪುವ ಇನ್ನೊಂದು ಸಣ್ಣ ಕೆಲಸವಿದೆ. ಶಾಲೆಯವರು ತುಂಬುವ ಯುಡೈಸ್ ಮಾಹಿತಿಯಲ್ಲಿ ಮಗುವಿನ ವೈಕಲ್ಯದ ಅಂಕಣ ಖಾಲಿ ಉಳಿದರೆ ಮಗು ಯೋಜನೆಯ ಲೆಕ್ಕಕ್ಕೇ ಬರುವುದಿಲ್ಲ. ಹೊಸ ಆರ್ಥಿಕ ವರ್ಷದ ಯೋಜನೆ ಏಪ್ರಿಲ್‌ಗೆ ಮೊದಲೇ ಸಿದ್ಧವಾಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆದಾಗ ಭತ್ಯೆ ಕೇಳಲು ಹೋದವರಿಗೆ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಉತ್ತರ ಸಿಗುವುದು ಇದರಿಂದಲೇ. ಮುಖ್ಯ ಶಿಕ್ಷಕರ ಪಕ್ಕ ಕೂತು ಆ ಅಂಕಣವನ್ನು ಪರದೆಯ ಮೇಲೆ ತೋರಿಸಿ ಎಂದು ಕೇಳಿದರೆ ತಪ್ಪಿಲ್ಲ.

ಇನ್ನು ಬಸ್ ಪಾಸಿನ ಮಾತು. ಕೆಎಸ್‌ಆರ್‌ಟಿಸಿಯ ವಿಕಲಚೇತನರ ರಿಯಾಯಿತಿ ಪಾಸು ವರ್ಷಕ್ಕೆ 660 ರೂಪಾಯಿ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ವಾಸಸ್ಥಳದಿಂದ 100 ಕಿ.ಮೀ. ಒಳಗೆ ನಡೆಯುವುದರಿಂದ ಮೆಗ್ಗಾನ್‌ವರೆಗಿನ ದಾರಿಯೂ ಅದರಲ್ಲೇ ಬರುತ್ತದೆ. ಅಂಧರಿಗೆ ಪಾಸು ಉಚಿತ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಮಗಳಿಗೂ ಜೊತೆಗೆ ಹೋಗುವ ಅಮ್ಮನಿಗೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅದೇ ಮಗನನ್ನು ಕರೆದೊಯ್ಯುವ ಅಪ್ಪ ಪೂರ್ತಿ ಟಿಕೆಟ್ ತೆಗೆಯಬೇಕು. ನಮ್ಮ ಕಡೆ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸೇ ಗತಿ. ಅಲ್ಲಿ ಈ ಪಾಸೂ ನಡೆಯದು, ಶಕ್ತಿಯೂ ಇಲ್ಲ. ಅಷ್ಟಕ್ಕೂ ಪಾಸು ಉಳಿಸುವುದು ದುಡ್ಡನ್ನು, ಮೆಟ್ಟಿಲನ್ನು ತಗ್ಗಿಸುವುದಿಲ್ಲ. "ಪಾಸು ಕೊಟ್ಟಿದ್ದೇವಲ್ಲ" ಎಂಬುದು ಸಾರಿಗೆಯ ಅರ್ಜಿಗೆ ಉತ್ತರವಾಗದು.

ಮಗು ಓದುತ್ತಿರುವುದು ಸ್ವಂತ ಬಸ್ಸಿರುವ ಖಾಸಗಿ ಶಾಲೆಯಲ್ಲಾದರೆ ಕೇಳುವುದು ಬೇರೆ ರೀತಿ. ಹಿಡಿದುಕೊಳ್ಳಲು ಆಯಾ, ಹತ್ತಲು ಒಂದು ಮರದ ಮಣೆ, ಮುಂದಿನ ಸೀಟು, ಎದೆಗೆ ಬೆಲ್ಟು, ಮನೆಯ ಗೇಟಿನೆದುರೇ ನಿಲುಗಡೆ. ಆಟಿಸಂ ಇರುವ ಮಗುವಿಗೆ ದಿನವೂ ಅದೇ ಸೀಟು, ಅದೇ ಮುಖ. ಇವನ್ನೇ ಕಾನೂನು ಸೂಕ್ತ ಹೊಂದಾಣಿಕೆ ಎನ್ನುವುದು. ಸಂಸ್ಥೆಗೆ ವಿಪರೀತ ಹೊರೆಯಾಗದಿದ್ದರೆ ನಿರಾಕರಿಸುವಂತಿಲ್ಲ, ನಿರಾಕರಿಸಿದರೆ ಅದೇ ತಾರತಮ್ಯ. ಶಾಲಾ ಪ್ರವಾಸಕ್ಕೂ ಈ ಮಾತು ಸಲ್ಲುತ್ತದೆ. ಕುಬಟೂರಿನ ಕೈಟಭೇಶ್ವರ ದೇವಾಲಯ ನೋಡಲು ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ. ಬಸ್ಸಿನಲ್ಲಿ ಕರೆದೊಯ್ಯುವುದು ಕಷ್ಟ ಎಂದು ಗಾಲಿಕುರ್ಚಿಯ ಹುಡುಗಿಯೊಬ್ಬಳನ್ನೇ ಬಿಟ್ಟು ಹೊರಡುವುದನ್ನು ಕಾಯ್ದೆ ಒಪ್ಪುವುದಿಲ್ಲ.

ವ್ಯವಸ್ಥೆ ಆಗುವವರೆಗೆ ನೀವೇ ಬಾಡಿಗೆ ವಾಹನ ಗೊತ್ತು ಮಾಡುವಾಗ ಹಳದಿ ನಂಬರ್ ಪ್ಲೇಟ್ ಇದೆಯೇ ನೋಡಿ. ಬಿಳಿ ಬೋರ್ಡಿನ ಓಮ್ನಿಯನ್ನು ತಿಂಗಳ ಬಾಡಿಗೆಗೆ ಮಾತಾಡಿಕೊಂಡರೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯುತ್ತದೆ.

ಈಗ ಅರ್ಜಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ, ಒಂದು ಪುಟ ಸಾಕು. "ನನ್ನ ಮಗ ಮೂರನೇ ತರಗತಿಯಲ್ಲಿ ಓದುತ್ತಿದ್ದು, ಕಾಲಿನ ವೈಕಲ್ಯದಿಂದ ಶಾಲೆಗೆ ನಡೆದು ಬರಲು, ಬಸ್ ಹತ್ತಲು ಆಗುತ್ತಿಲ್ಲ. ಜೂನ್ ತಿಂಗಳಿಂದ ಇಷ್ಟು ದಿನ ಗೈರಾಗಿದ್ದಾನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 16, ಶಿಕ್ಷಣ ಹಕ್ಕು ಕಾಯ್ದೆಯ ಕಲಂ 8ರಂತೆ ಅವನಿಗೂ ಜೊತೆಗೆ ಬರುವವರಿಗೂ ಸಾರಿಗೆ ವ್ಯವಸ್ಥೆ ಮಾಡಿಕೊಡಬೇಕು. ಆಗದಿದ್ದರೆ ಕಾರಣ ತಿಳಿಸಿ ಹಿಂಬರಹ ಕೊಡಬೇಕು." ಕೊನೆಯ ವಾಕ್ಯ ಮುಖ್ಯ. ಬಾಯಲ್ಲಿ ಇಲ್ಲವೆನ್ನುವುದು ಸುಲಭ, ಕಾಗದದಲ್ಲಿ ಬರೆದು ಸಹಿ ಹಾಕುವಾಗ ಯಾವ ಅಧಿಕಾರಿಯೂ ಎರಡು ಸಲ ಯೋಚಿಸುತ್ತಾನೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಇವಲ್ಲದೆ ಒಂದು ಪ್ರತಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ, ಮತ್ತೊಂದು ಪಂಚಾಯಿತಿಯ ಪಿಡಿಒಗೆ.

ತಿಂಗಳಾದರೂ ಉತ್ತರವಿಲ್ಲದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ, ತಾಲ್ಲೂಕಿನಲ್ಲಿ ಪ್ರಯಾಣ ಭತ್ಯೆ ಎಷ್ಟು ಮಂಜೂರಾಯಿತು, ಎಷ್ಟು ಮಕ್ಕಳಿಗೆ ಸಂದಿತು ಎಂದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಶಿಕ್ಷಣ ಹಕ್ಕು ಕಾಯ್ದೆಯ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಅದರ ಮೇಲಿನ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ನನ್ನ ಮಟ್ಟಿಗೆ ಇದಕ್ಕಿಂತ ಚುರುಕಾದ ದಾರಿ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರದು. ಅಂಚೆಯಲ್ಲಿ ದೂರು ಕಳಿಸಬಹುದು. ಅಧಿಕಾರಿಗಳನ್ನು ಕರೆಸಿ ದಾಖಲೆ ತರಿಸಿಕೊಳ್ಳುವಾಗ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿರುತ್ತದೆ. ಅವರ ಶಿಫಾರಸನ್ನು ಒಪ್ಪದ ಇಲಾಖೆ ಮೂರು ತಿಂಗಳೊಳಗೆ ಕಾರಣ ಹೇಳಬೇಕು. ಕಾಯ್ದೆ ಮುರಿದವರಿಗೆ ಮೊದಲ ಸಲ ಹತ್ತು ಸಾವಿರದವರೆಗೆ, ಮತ್ತೆ ಮುರಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವಿದೆ.

ವಕೀಲರಿಗೆ ದುಡ್ಡು ಕೊಡಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಕ್ಕಳು, ಮಹಿಳೆಯರು, ವಿಕಲಚೇತನರು ಉಚಿತ ಕಾನೂನು ನೆರವಿಗೆ ಅರ್ಹರು, ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿ ಇರುವುದು ಸೊರಬದ ನ್ಯಾಯಾಲಯದಲ್ಲಿ. ಅಲ್ಲಿಗೆ ಹೋಗಲಾಗದವರು 15100ಕ್ಕೆ ಕರೆ ಮಾಡಬಹುದು. ಹೋಗುವಾಗ ಮೊಹರು ಬಿದ್ದ ಆ ಪ್ರತಿ ಮತ್ತು ಹಾಜರಿಯ ನಕಲು ಕೈಯಲ್ಲಿರಲಿ.