ಕಾಫಿಯ ಹಣ ಕಟ್ಟಿದ ಬೀದಿ
(ಸದಸ್ಯರ ಅಧ್ಯಯನಕ್ಕಾಗಿ)

ಕಾಫಿ ಮಾರುಕಟ್ಟೆಯ ಮಾತು ಬಂದಾಗಲೆಲ್ಲ ಬ್ರೆಜಿಲ್ ದೇಶದ ಹೆಸರು ಬಂದೇ ಬರುತ್ತದೆ. ಅಲ್ಲಿ ಗಿಡಗಳ ಮೇಲೆ ಮಂಜು ಹೆಪ್ಪುಗಟ್ಟಿದರೆ ಇಲ್ಲಿ ಬೆಲೆ ಏರುತ್ತದೆ. ಅಲ್ಲಿ ಫಸಲು ಹೆಚ್ಚಾದರೆ ಇಲ್ಲಿ ಬೆಲೆ ಇಳಿಯುತ್ತದೆ. ಆದರೆ ಅಲ್ಲಿನ ಕಾಫಿಯ ಹಣ ಎಲ್ಲಿಗೆ ಹೋಯಿತು, ಕೊನೆಗೆ ಯಾರ ಕೈಯಲ್ಲಿ ಉಳಿಯಿತು ಎಂಬುದನ್ನು ನಾವು ವಿಚಾರಿಸಿದ್ದು ಕಡಿಮೆ. ಇದನ್ನು ತಿಳಿಯಬೇಕಾದರೆ ಸಾವೊ ಪಾಲೊ ನಗರದ ಪೌಲಿಸ್ತಾ ಎಂಬ ರಾಜಬೀದಿಯನ್ನು ಒಮ್ಮೆ ನಡೆದು ನೋಡಬೇಕು.

ಬೀದಿಯ ಹುಟ್ಟು

ಸಾವೊ ಪಾಲೊ ಇಂದು ಒಂದು ಕೋಟಿಗೂ ಮೀರಿದ ಜನಸಂಖ್ಯೆಯ ಮಹಾನಗರ. ನಗರದ ನಡುವೆ ಹಾದುಹೋಗುವ ಒಂದು ದಿಣ್ಣೆಯ ನೆತ್ತಿಯ ಮೇಲೆ, ಸುಮಾರು 2.8 ಕಿಲೋಮೀಟರ್ ಉದ್ದಕ್ಕೆ ನೇರವಾಗಿ ಈ ಬೀದಿ ಇದೆ. ಇದನ್ನು ಯೋಜಿಸಿದವರು ಜೊವಾಕಿಂ ಯುಜೇನಿಯೊ ಡಿ ಲಿಮಾ ಎಂಬ ಇಂಜಿನಿಯರು. 1891ರ ಡಿಸೆಂಬರ್ 8ರಂದು ಬೀದಿಯ ಉದ್ಘಾಟನೆಯಾಯಿತು.

ಆ ಕಾಲಕ್ಕೆ ಒಳನಾಡಿನ ಕಾಂಪಿನಾಸ್, ರಿಬೆರಾವೊ ಪ್ರೆಟೊ ಕಡೆಯ ಕೆಂಪು ಮಣ್ಣಿನಲ್ಲಿ ಕಾಫಿ ಹಬ್ಬುತ್ತಿತ್ತು. 1867ರಲ್ಲಿ ತೆರೆದ ರೈಲುಮಾರ್ಗ ಒಳನಾಡಿನ ಮೂಟೆಗಳನ್ನು ಸಾಂಟೊಸ್ ಬಂದರಿಗೆ ಇಳಿಸುತ್ತಿತ್ತು. ಲಾಭ ಪಡೆದ ದೊಡ್ಡ ತೋಟಗಾರರು ತೋಟವನ್ನು ಮೇಸ್ತ್ರಿಗಳಿಗೆ ವಹಿಸಿ ನಗರ ಸೇರಿದರು. ಪೌಲಿಸ್ತಾದ ಎರಡೂ ಬದಿಗೆ ಉದ್ಯಾನಗಳ ನಡುವೆ ಯುರೋಪಿನ ಮಾದರಿಯ ಬಂಗಲೆಗಳು ಎದ್ದವು. ತೋಟಗಾರರ ಜೊತೆಗೆ ವ್ಯಾಪಾರಿಗಳೂ ಕಾರ್ಖಾನೆದಾರರೂ ಅಲ್ಲಿ ಮನೆ ಕಟ್ಟಿದರು.

ಇಂದು ನಡೆದು ನೋಡಿದರೆ

ಪರಾಯಿಸೊ ಎಂಬ ತುದಿಯಿಂದ ಹೊರಟರೆ 37ನೆಯ ನಂಬರಿನಲ್ಲಿ 'ಗುಲಾಬಿಗಳ ಮನೆ' ಎಂಬ ಹಳೆಯ ಬಂಗಲೆ ಸಿಗುತ್ತದೆ. ಅದು 1935ರ ಕಟ್ಟಡ. ಈಗ ಸಾಹಿತ್ಯದ ಕೇಂದ್ರ. ಮುಂದೆ ಹೋದರೆ ಇಳಿಜಾರು ಗೋಡೆಯ ಎತ್ತರದ ಕಟ್ಟಡವೊಂದಿದೆ. ಅದು ಕೈಗಾರಿಕೋದ್ಯಮಿಗಳ ಒಕ್ಕೂಟದ ಕಚೇರಿ. ಇನ್ನೂ ಮುಂದೆ, ಲೀನಾ ಬೊ ಬಾರ್ಡಿ ಎಂಬ ಮಹಿಳೆ ವಿನ್ಯಾಸ ಮಾಡಿದ ಕಲಾ ವಸ್ತುಸಂಗ್ರಹಾಲಯ. 1968ರಲ್ಲಿ ತೆರೆದ ಈ ಕಟ್ಟಡ ಕಂಬಗಳ ಮೇಲೆ ತೂಗಿಕೊಂಡಂತಿದ್ದು, ಕೆಳಗೆ 74 ಮೀಟರ್ ಅಗಲದ ಜಾಗ ಖಾಲಿಯಾಗಿದೆ. ಅದರ ಎದುರಿಗೇ ಟ್ರಿಯಾನೊನ್ ಉದ್ಯಾನ. ಆ ಪ್ರದೇಶದ ಮೂಲ ಕಾಡಿನ ಮರಗಳು ಅಲ್ಲಿ ಇನ್ನೂ ನೆರಳು ಕೊಡುತ್ತಿವೆ. 1919ನೆಯ ನಂಬರಿನಲ್ಲಿ 1905ರ ಒಂದು ಬಂಗಲೆ ಉಳಿದುಕೊಂಡಿದೆ.

ಉಳಿದಂತೆ ಎಲ್ಲೆಲ್ಲೂ ಬ್ಯಾಂಕುಗಳು, ಕಚೇರಿಗಳು, ಆಸ್ಪತ್ರೆಗಳು, ಅಂಗಡಿಗಳು. ನೆಲದಡಿಯಲ್ಲಿ 1991ರಿಂದ ಮೆಟ್ರೊ ರೈಲು ಓಡುತ್ತಿದೆ. ಭಾನುವಾರ ವಾಹನ ನಿಲ್ಲಿಸಿ ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಡುವ ಪದ್ಧತಿ 2015ರಿಂದ ಬಂದಿದೆ. ಸಾಲಾಗಿ ನಿಂತಿದ್ದ ಬಂಗಲೆಗಳಲ್ಲಿ ಈಗ ಬೆರಳೆಣಿಕೆಯಷ್ಟು ಮಾತ್ರ ಕಾಣಸಿಗುತ್ತವೆ.

ಬಂಗಲೆಗಳು ಏಕೆ ಉಳಿಯಲಿಲ್ಲ?

ನಗರ ಬೆಳೆದು ನೆಲದ ಬೆಲೆ ಏರಿತು, ನಿಯಮ ಬದಲಾಯಿತು, 1950ರ ದಶಕದಿಂದ ಬಹುಮಹಡಿ ಕಟ್ಟಡಗಳು ಎದ್ದವು. ಇದು ಒಂದು ಕಾರಣ. ಆದರೆ ತೋಟಗಾರರ ಕೈ ಅದಕ್ಕೂ ಮೊದಲೇ ಸಡಿಲವಾಗಿತ್ತು.

ಬೆಲೆ ಚೆನ್ನಾಗಿದ್ದ ವರ್ಷಗಳಲ್ಲಿ ಎಲ್ಲರೂ ಗಿಡ ನೆಟ್ಟರು. ಫಸಲು ಮಿತಿಮೀರಿದಾಗ, 1906ರಲ್ಲಿ ಟೌಬಾಟೆ ಎಂಬ ಊರಿನಲ್ಲಿ ಮೂರು ರಾಜ್ಯಗಳು ಒಪ್ಪಂದ ಮಾಡಿಕೊಂಡು, ಸಾಲ ತಂದು ಹೆಚ್ಚುವರಿ ಕಾಫಿಯನ್ನು ಕೊಂಡು ದಾಸ್ತಾನು ಮಾಡುವ ಏರ್ಪಾಡಿಗೆ ಬಂದವು. ಬೆಲೆ ನಿಂತಿತು. ಸರಕಾರ ಕೊಳ್ಳುತ್ತದೆ ಎಂಬ ಧೈರ್ಯದಿಂದ ಮತ್ತಷ್ಟು ಗಿಡ ನೆಟ್ಟರು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದಾಗ ಕೊಳ್ಳುವವರೂ ಇಲ್ಲ, ಸಾಲ ಕೊಡುವವರೂ ಇಲ್ಲ ಎಂಬಂತಾಯಿತು. 1931ರಿಂದ 1944ರವರೆಗೆ ಬ್ರೆಜಿಲ್ ಸುಮಾರು 7 ಕೋಟಿ 80 ಲಕ್ಷ ಚೀಲ ಕಾಫಿಯನ್ನು ನಾಶಮಾಡಿತು. ಚೀಲವೊಂದಕ್ಕೆ 60 ಕಿಲೋ ಎಂಬ ಲೆಕ್ಕದಲ್ಲಿ ಅದರ ಪ್ರಮಾಣವನ್ನು ಓದುಗರೇ ಊಹಿಸಿಕೊಳ್ಳಬಹುದು.

ಸಾಲಿನ ನಡುವಿನ ಹುರುಳಿ

ಈ ಕಥೆಗೆ ಇನ್ನೊಂದು ಮುಖವಿದೆ. ಬಂಗಲೆ ಕಟ್ಟಿದ ಹಣವನ್ನು ದುಡಿದುಕೊಟ್ಟವರು ಯಾರು? 1888ರವರೆಗೆ ಗುಲಾಮರು. ಆ ವರ್ಷ ಗುಲಾಮಗಿರಿ ರದ್ದಾಯಿತು. ಅದರ ಆಸುಪಾಸಿನಿಂದ ಹೆಚ್ಚಾಗಿ ಇಟಲಿಯಿಂದ ಬಂದ ಬಡ ಕುಟುಂಬಗಳು ತೋಟಕ್ಕಿಳಿದವು. ಇಂತಿಷ್ಟು ಸಾವಿರ ಗಿಡಗಳ ಆರೈಕೆಗೆ ವರ್ಷಕ್ಕೆ ಒಂದು ಮೊತ್ತ, ಹಣ್ಣು ಕೊಯ್ದದ್ದಕ್ಕೆ ಅಳತೆಯ ಮೇಲೆ ಬೇರೆ ಕೂಲಿ ಎಂಬ ಕರಾರು. ಇದರ ಜೊತೆಗೆ, ಕಾಫಿ ಸಾಲಿನ ನಡುವೆ ಅಥವಾ ಪಕ್ಕದ ನೆಲದಲ್ಲಿ ಮೆಕ್ಕೆಜೋಳ ಮತ್ತು ಹುರುಳಿಯಂಥ ಕಾಳು ಬೆಳೆದುಕೊಳ್ಳಲು ಅವಕಾಶವಿತ್ತು.

ಈ ಬಾಳು ಸುಖದ್ದಲ್ಲ. ಸಾಲದಲ್ಲಿ ಸಿಕ್ಕಿಬಿದ್ದವರೂ, ಊರಿಗೆ ಮರಳಿದವರೂ ಬಹಳ. ಆದರೂ ಅನ್ನ ನೆಲದಿಂದಲೇ ಬರುತ್ತಿದ್ದುದರಿಂದ ಕೆಲವು ಕುಟುಂಬಗಳು ಕೂಲಿಯಲ್ಲಿ ಒಂದಿಷ್ಟು ಕೂಡಿಟ್ಟವು. 1929ರ ನಂತರ ದೊಡ್ಡ ತೋಟಗಳು ತುಂಡುತುಂಡಾಗಿ ಮಾರಾಟಕ್ಕೆ ಬಂದಾಗ, ಕೊಂಡವರಲ್ಲಿ ಇಂಥವರೂ ಇದ್ದರು. ಒಂದೇ ಬೆಳೆಯ ಬೆಲೆಯನ್ನು ನಂಬಿ ಸಾಲ ಮಾಡಿದವನ ಜಮೀನು, ಕಾಳಿನ ಸಾಲು ಬಿತ್ತಿದವನ ಕೈಗೆ ಬಂದಿತು.

ನಮಗೆ ಅನ್ವಯಿಸುವ ಮಾತು

2000ದ ನಂತರದ ಕೆಲವು ವರ್ಷ ಕಾಫಿ ಬೆಲೆ ನೆಲಕಚ್ಚಿದ್ದನ್ನು ನಮ್ಮವರು ಮರೆತಿಲ್ಲ. ಅಡಿಕೆಯೂ ಅದೇ ಸುಮಾರಿಗೆ ಕುಸಿದಿತ್ತು. 2025ರ ಆರಂಭದಲ್ಲಿ ಅರೇಬಿಕಾ ಬೆಲೆ ವಿಶ್ವಮಾರುಕಟ್ಟೆಯಲ್ಲಿ ದಾಖಲೆ ಮಟ್ಟ ಮುಟ್ಟಿತು. ಕೈತುಂಬ ಹಣ ಬಂದ ವರ್ಷ ಮನೆ ಕಟ್ಟುವುದು, ಮಕ್ಕಳ ಮದುವೆ ಮಾಡುವುದು ತಪ್ಪಲ್ಲ. ಆ ವರ್ಷದ ಬೆಲೆಯೇ ಮುಂದಿನ ಹತ್ತು ವರ್ಷದ ಬೆಲೆ ಎಂದು ಭಾವಿಸಿ ಸಾಲಕ್ಕೆ ಸಹಿ ಹಾಕುವುದು, ನೆರಳಿನ ಮರ ಕಡಿದು ಮೆಣಸಿನ ಬಳ್ಳಿಯನ್ನೂ ಕಳೆದುಕೊಳ್ಳುವುದು ಅಪಾಯಕರ. ಕಾಫಿಯ ಜೊತೆ ಮೆಣಸು, ಅಡಿಕೆ, ಬಾಳೆ, ಏಲಕ್ಕಿ ಇಟ್ಟುಕೊಂಡ ನಮ್ಮ ಹಿರಿಯರ ಕ್ರಮ ಬರಿಯ ಹಳೆಯ ಪದ್ಧತಿಯಲ್ಲ; ಬೆಲೆ ಬಿದ್ದ ವರ್ಷ ತೋಟವನ್ನು ಕೈಯಲ್ಲಿ ಉಳಿಸಿಕೊಡುವ ವಿಮೆ.

ಚರ್ಚೆಗೆ ಪ್ರಶ್ನೆಗಳು

1. ಕಾಫಿ ಬೆಲೆ ಅರ್ಧಕ್ಕೆ ಇಳಿದರೆ ನಿಮ್ಮ ತೋಟದ ಖರ್ಚನ್ನು ಯಾವ ಬೆಳೆ, ಎಷ್ಟು ಕಾಲ ಹೊರಬಲ್ಲದು?
2. ಈಗಿರುವ ಸಾಲದ ಕಂತನ್ನು ಯಾವ ಬೆಲೆಯ ಲೆಕ್ಕದ ಮೇಲೆ ಒಪ್ಪಿಕೊಂಡಿದ್ದೀರಿ?
3. ಒಳ್ಳೆಯ ವರ್ಷದ ಆದಾಯದಲ್ಲಿ ಎಷ್ಟು ಭಾಗವನ್ನು ಮಣ್ಣಿಗೆ, ನೀರಿಗೆ, ಕಣಕ್ಕೆ ಹಾಕಿದ್ದೀರಿ?

ಸದಸ್ಯರು ಮುಂದಿನ ಸಭೆಗೆ ಬರುವ ಮೊದಲು ಮನೆಯವರೊಂದಿಗೆ ಕುಳಿತು ಈ ಮೂರಕ್ಕೂ ಉತ್ತರ ಬರೆದು ತರಬೇಕಾಗಿ ಕೋರಿಕೆ.