ಸ್ವಂತ ಪಿಕಪ್ ವಾಹನವೋ, ಬಾಡಿಗೆ ವಾಹನವೋ? ಖರೀದಿಗೆ ಮುನ್ನ ಮಾಡಬೇಕಾದ ಲೆಕ್ಕ

“ತಿಂಗಳಿಗೆ ಬಾಡಿಗೆಯೆಂದು ಕೊಡುವ ಹಣದಲ್ಲಿ ಸ್ವಂತ ಗಾಡಿಯ ಕಂತನ್ನೇ ಕಟ್ಟಬಹುದಿತ್ತು” ಎಂಬ ಮಾತು ವ್ಯಾಪಾರಿಗಳ ನಡುವೆ ಆಗಾಗ ಕೇಳಿಬರುತ್ತದೆ. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಅಂಗಡಿಯವರಿಗೂ ನಾಲ್ಕು ಚಕ್ರದ ಸರಕು ವಾಹನ ಕೈಗೆಟಕುವಂತಾಯಿತು. ಮುಂದೆ ಒಂದರಿಂದ ಎರಡು ಟನ್ನಿನವರೆಗೆ ಭಾರ ಹೊರುವ ಪಿಕಪ್ ವಾಹನಗಳು ಹಲವು ಬಗೆಯಲ್ಲಿ ದೊರೆಯತೊಡಗಿದವು. ಸಾಲವೂ ಸುಲಭವಾಗಿ ಸಿಗುತ್ತಿದೆ. ಆದರೆ ಮೇಲಿನ ಮಾತು ಎಲ್ಲ ಸಂದರ್ಭಗಳಲ್ಲಿಯೂ ಸತ್ಯವಲ್ಲ. ಅದು ಯಾವಾಗ ಸತ್ಯ, ಯಾವಾಗ ಅಲ್ಲ ಎಂಬುದನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದು ಉದಾಹರಣೆ

ಕಂಕನಾಡಿಯಲ್ಲಿ ಪೈಪು, ಬಣ್ಣ ಹಾಗೂ ಸ್ಯಾನಿಟರಿ ಸಾಮಗ್ರಿಗಳ ಅಂಗಡಿಯನ್ನು ನಡೆಸುವ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. ತೊಕ್ಕೊಟ್ಟು, ದೇರಳಕಟ್ಟೆ, ಬಿ.ಸಿ. ರೋಡು, ಸುರತ್ಕಲ್ ಕಡೆಗಳ ಕಟ್ಟಡ ಕಾಮಗಾರಿ ಸ್ಥಳಗಳಿಗೆ ಅವರ ಸರಕು ಹೋಗಬೇಕು. ಒಂದು ಸರದಿಗೆ ಹೋಗಿ ಬರುವ ದೂರ ಸರಾಸರಿ 36 ಕಿಲೋಮೀಟರ್; ಬಾಡಿಗೆ ಸರಾಸರಿ 1,200 ರೂಪಾಯಿ. ಅಕ್ಟೋಬರಿನಿಂದ ಮೇ ತನಕ ತಿಂಗಳಿಗೆ 60 ಸರದಿಗಳು. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು. ಓದುಗರು ತಮ್ಮ ತಮ್ಮ ಅಂಕಿಗಳನ್ನು ಅವುಗಳ ಸ್ಥಾನದಲ್ಲಿ ಇರಿಸಿ ನೋಡಬೇಕು.

ವಾಹನದ ಬೆಲೆ 8,00,000 ರೂ. ಅದರ ಮೇಲೆ ಶೇ. 18ರ ಜಿಎಸ್‌ಟಿ 1,44,000 ರೂ. ನೋಂದಣಿ, ರಸ್ತೆ ತೆರಿಗೆ ಹಾಗೂ ಜೋಡಣೆಗಳಿಗೆ 56,000 ರೂ. ಒಟ್ಟು 10,00,000 ರೂ. ಜಿಎಸ್‌ಟಿಯ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯುವುದರಿಂದ ನಿಜವಾದ ವೆಚ್ಚ 8,56,000 ರೂ. ಏಳು ವರ್ಷಗಳ ಬಳಿಕ ಮಾರಿದಾಗ ತೆರಿಗೆ ಕಳೆದು 2,26,000 ರೂ. ಕೈಗೆ ಬರುವುದೆಂದು ಭಾವಿಸಲಾಗಿದೆ.

ಓಡಿದರೂ ನಿಂತರೂ ತಪ್ಪದ ವೆಚ್ಚ

ವಾಹನದ ವೆಚ್ಚದಲ್ಲಿ ಎರಡು ಬಗೆ. ಮೊದಲನೆಯದು ಸ್ಥಿರ ವೆಚ್ಚ. ವಾಹನವು ಅಂಗಡಿಯ ಮುಂದೆ ನಿಂತಿದ್ದರೂ ಇದು ತಪ್ಪುವುದಿಲ್ಲ. ಉದಾಹರಣೆಯಲ್ಲಿ ತಿಂಗಳ ಲೆಕ್ಕ ಹೀಗಿದೆ:

ಮೌಲ್ಯದ ಇಳಿಕೆ (6,30,000 ರೂ. ಏಳು ವರ್ಷಗಳಿಗೆ): 7,500 ರೂ.
ಹೂಡಿದ ಹಣದ ಬಡ್ಡಿ (ಸರಾಸರಿ ಹೂಡಿಕೆಗೆ ಶೇ. 10): 4,500 ರೂ.
ಚಾಲಕನ ಸಂಬಳ, ಭತ್ಯೆ, ಬೋನಸ್: 20,000 ರೂ.
ವಿಮೆ: 3,000 ರೂ.
ಫಿಟ್‌ನೆಸ್, ಹೊಗೆ ತಪಾಸಣೆ, ನಿಲುಗಡೆ ಇತ್ಯಾದಿ: 1,500 ರೂ.
ಒಟ್ಟು: 36,500 ರೂ.

ಎರಡನೆಯದು ಚರ ವೆಚ್ಚ. ಡೀಸೆಲ್ ಲೀಟರಿಗೆ 90 ರೂ., ಲೀಟರಿಗೆ 12 ಕಿ.ಮೀ. ಓಟ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 7.50 ರೂ. ಟಯರು, ಸರ್ವಿಸು, ಬಿಡಿಭಾಗಗಳಿಗೆ 2.50 ರೂ. ಸೇರಿದರೆ 10 ರೂ. ಅಂದರೆ ಒಂದು ಸರದಿಗೆ 360 ರೂ. ಹೆದ್ದಾರಿಯಲ್ಲಿ ತಲಪಾಡಿ ಅಥವಾ ಹೆಜಮಾಡಿಯ ಟೋಲ್ ದಾಟಬೇಕಾದವರು ಅದನ್ನೂ ಇಲ್ಲಿಯೇ ಸೇರಿಸಬೇಕು. ಹೊರೆಯಾಳುಗಳ ಕೂಲಿಯು ಎರಡೂ ಸಂದರ್ಭಗಳಲ್ಲಿ ಒಂದೇ ಆಗಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಬಾಡಿಗೆ 1,200 ರೂಪಾಯಿಯಿಂದ 360 ರೂಪಾಯಿಯನ್ನು ಕಳೆದರೆ ಪ್ರತಿ ಸರದಿಗೆ ಉಳಿತಾಯ 840 ರೂ. ಸ್ಥಿರ ವೆಚ್ಚವಾದ 36,500 ರೂಪಾಯಿಯನ್ನು ಇದರಿಂದ ಭಾಗಿಸಿದರೆ 43.45 ಬರುತ್ತದೆ. ಆದುದರಿಂದ ತಿಂಗಳಿಗೆ 44 ಸರದಿಗಳಿಗಿಂತ ಕಡಿಮೆ ಓಡುವ ಸ್ವಂತ ವಾಹನವು ಬಾಡಿಗೆ ವಾಹನಕ್ಕಿಂತ ದುಬಾರಿ.

ಮಳೆಗಾಲವನ್ನು ಮರೆತ ಲೆಕ್ಕ

ಈ ವ್ಯಾಪಾರಿಯದು ತಿಂಗಳಿಗೆ 60 ಸರದಿ. ಅವರ ದೃಷ್ಟಿಯಲ್ಲಿ ಉಳಿತಾಯ ತಿಂಗಳಿಗೆ 13,900 ರೂ., ವರ್ಷಕ್ಕೆ 1,66,800 ರೂ. ವಾಹನದ ಮುಂಗಡ ಕೊಡಲು ಇಷ್ಟು ಸಾಕೆಂದು ಅವರಿಗೆ ತೋರುವುದು ಸಹಜ. ತಪ್ಪು ಇರುವುದು ಇಲ್ಲಿಯೇ. ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಕಟ್ಟಡ ಕೆಲಸ ಅರ್ಧಕ್ಕರ್ಧ ನಿಲ್ಲುತ್ತದೆ. ಸರದಿಗಳು ತಿಂಗಳಿಗೆ 25ಕ್ಕೆ ಇಳಿಯುತ್ತವೆ ಎಂದಾದರೆ ಆ ನಾಲ್ಕು ತಿಂಗಳುಗಳಲ್ಲಿ ಪ್ರತಿ ತಿಂಗಳೂ 15,500 ರೂ. ನಷ್ಟ. ವರ್ಷಕ್ಕೆ ಒಟ್ಟು 580 ಸರದಿ. ನಿಜವಾದ ಉಳಿತಾಯ 49,200 ರೂ. ಮಾತ್ರ.

ವಾಹನವು ದುರಸ್ತಿ ಹಾಗೂ ಚಾಲಕನ ರಜೆಯಿಂದಾಗಿ ವರ್ಷದಲ್ಲಿ 12 ದಿನ ನಿಂತು, 24 ಸರದಿಗಳಿಗೆ ಬಾಡಿಗೆ ವಾಹನವನ್ನೇ ಕರೆಯಬೇಕಾಗಿ ಬಂದರೆ ಉಳಿತಾಯ 29,040 ರೂಪಾಯಿಗೆ ಇಳಿಯುತ್ತದೆ. ಇನ್ನೊಂದೆಡೆ, ವರ್ಷಕ್ಕೆ 580 ಸರದಿ ಕೊಡುವ ಗಿರಾಕಿಗೆ ಬಾಡಿಗೆ ವಾಹನದ ಮಾಲೀಕನು ದರದಲ್ಲಿ ರಿಯಾಯಿತಿ ನೀಡದಿರಲಾರ. ವಾರ್ಷಿಕ ಒಪ್ಪಂದದ ಮೇರೆಗೆ ಸರದಿಗೆ 80 ರೂಪಾಯಿ ಇಳಿಸಿ 1,120 ರೂಪಾಯಿಗೆ ಒಪ್ಪಿದನೆಂದರೆ, ಸ್ವಂತ ವಾಹನದಿಂದ ವರ್ಷಕ್ಕೆ 15,440 ರೂ. ನಷ್ಟವೇ ಆಗುತ್ತದೆ! ಅಂದರೆ ಇಡೀ ನಿರ್ಧಾರವು ಎಂಬತ್ತು ರೂಪಾಯಿಯ ಮೇಲೆ ನಿಂತಿದೆ. ವಾಹನದ ಶೋರೂಮಿಗೆ ಹೋಗುವುದಕ್ಕಿಂತ ಮೊದಲು ಬಾಡಿಗೆ ದರದ ಬಗ್ಗೆ ಮಾತುಕತೆ ನಡೆಸಬೇಕೆನ್ನುವುದು ಇದಕ್ಕಾಗಿ.

ಪ್ರತಿ ವ್ಯಾಪಾರಕ್ಕೂ ತನ್ನದೇ ಋತುವಿದೆ. ಮೀನು, ಮಂಜುಗಡ್ಡೆ ಸಾಗಿಸುವವರಿಗೆ ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಕಾಲವು ಇಂತಹದೇ ಬಿಡುವು. ಸ್ಥಿರ ವೆಚ್ಚಕ್ಕೆ ಬಿಡುವಿಲ್ಲ.

ನಗದಿನ ಒತ್ತಡ

ಲಾಭನಷ್ಟದ ಲೆಕ್ಕಕ್ಕಿಂತಲೂ ಹೆಚ್ಚು ಎಚ್ಚರ ಬೇಕಾದುದು ನಗದಿನ ಲೆಕ್ಕದಲ್ಲಿ. 8,00,000 ರೂ. ಸಾಲವನ್ನು ಶೇ. 10ರ ಬಡ್ಡಿಯಲ್ಲಿ ಐದು ವರ್ಷಗಳಿಗೆ ಪಡೆದರೆ ಮಾಸಿಕ ಕಂತು ಸುಮಾರು 17,000 ರೂ. ಮಳೆಗಾಲದ ತಿಂಗಳಲ್ಲಿ ಕಂತು, ಚಾಲಕನ ಸಂಬಳ, 25 ಸರದಿಗಳ ಚರ ವೆಚ್ಚ ಮತ್ತು ಇತರ ಖರ್ಚು ಸೇರಿ 47,500 ರೂ. ಹೊರಹೋಗುತ್ತದೆ. ಅದೇ 25 ಸರದಿಗಳಿಗೆ ಬಾಡಿಗೆ 30,000 ರೂ. ಮಾತ್ರ. ನಾಲ್ಕು ತಿಂಗಳಲ್ಲಿ 70,000 ರೂ. ಹೆಚ್ಚುವರಿ ನಗದು ಬೇಕು. ಗುತ್ತಿಗೆದಾರರಿಂದ ವಸೂಲಿ ನಿಧಾನವಾಗುವ ಕಾಲವೂ ಅದೇ.

ಈ ಹಣವು ದುಡಿಯುವ ಬಂಡವಾಳದಿಂದಲೇ ಬರಬೇಕಷ್ಟೆ. ಆಗ ಸರಕು ಪೂರೈಸಿದವರಿಗೆ ಪಾವತಿ ತಡವಾಗುತ್ತದೆ. 2023-24ನೇ ಹಣಕಾಸು ವರ್ಷದಿಂದ ಇದಕ್ಕೆ ತೆರಿಗೆಯ ಪರಿಣಾಮವೂ ಇದೆ. ಸೂಕ್ಷ್ಮ ಮತ್ತು ಸಣ್ಣ ತಯಾರಕರಿಂದ ಕೊಂಡ ಸರಕಿನ ಹಣವನ್ನು ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳೊಳಗೆ, ಇಲ್ಲವಾದರೆ 15 ದಿನಗಳೊಳಗೆ ಕೊಡಬೇಕು. ಅವಧಿ ಮೀರಿ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತವು ಪಾವತಿಯಾದ ವರ್ಷದಲ್ಲಿ ಮಾತ್ರ ಖರ್ಚೆಂದು ಪರಿಗಣಿತವಾಗುತ್ತದೆ. ಬಂಡವಾಳವನ್ನು ವಾಹನದಲ್ಲಿ ಕಟ್ಟಿಹಾಕಿ ಸರಕಿನ ಸಾಲ ಬೆಳೆಸಿಕೊಂಡವರು ಬಾರದ ಲಾಭಕ್ಕೆ ತೆರಿಗೆ ಕಟ್ಟುವ ಸ್ಥಿತಿಗೆ ಬೀಳಬಹುದು.

ಜಿಎಸ್‌ಟಿ

ಸರಕು ಸಾಗಿಸುವ ವಾಹನಗಳ ಮೇಲಿನ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಕಾರಿಗೆ ಕ್ರೆಡಿಟ್ ಸಿಗುವುದಿಲ್ಲವೆಂಬ ಕಾರಣದಿಂದ ಪಿಕಪ್ಪಿಗೂ ಸಿಗದೆಂದು ಕೆಲವರು ತಿಳಿದಿದ್ದಾರೆ, ಇದು ಸರಿಯಲ್ಲ. ನಿರ್ಬಂಧವಿರುವುದು ಪ್ರಯಾಣಿಕರನ್ನು ಒಯ್ಯುವ ವಾಹನಗಳಿಗೆ. ಸರಕು ವಾಹನದ ಖರೀದಿ, ದುರಸ್ತಿ ಹಾಗೂ ವಿಮೆಯ ಮೇಲಿನ ತೆರಿಗೆಗೆ ಕ್ರೆಡಿಟ್ ಉಂಟು. ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇರಬೇಕು. ಪಾಲುದಾರನೊಬ್ಬನ ಹೆಸರಿನಲ್ಲಿ ವಾಹನ ಕೊಂಡು ಸಂಸ್ಥೆಯ ಲೆಕ್ಕದಲ್ಲಿ ಕ್ರೆಡಿಟ್ ಪಡೆಯಲು ಹೊರಟರೆ ತಕರಾರು ಖಂಡಿತ. ಎರಡು ಸಾಲು ಆಸನಗಳಿರುವ ಪಿಕಪ್ ವಾಹನವು ಸರಕಿನದೋ ಪ್ರಯಾಣಿಕರದೋ ಎಂಬ ಪ್ರಶ್ನೆಯೂ ಏಳಬಹುದು.

ಕ್ರೆಡಿಟ್ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ದೊರೆಯುವುದಿಲ್ಲ. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಅದಕ್ಕೆ ಕ್ರೆಡಿಟ್ ಇಲ್ಲ. ಕ್ರೆಡಿಟ್ ಪಡೆದ ವಾಹನವನ್ನು ಮುಂದೆ ಮಾರುವಾಗ ತೆರಿಗೆ ಕಟ್ಟಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು. ರಾಜಿ ತೆರಿಗೆ ಅಥವಾ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಕ್ರೆಡಿಟ್ ಇಲ್ಲವಾದುದರಿಂದ ಉದಾಹರಣೆಯ 1,44,000 ರೂಪಾಯಿಯೂ ವೆಚ್ಚವೇ. ಅವರಿಗೆ ತಿಂಗಳಿಗೆ 44ರ ಬದಲು 47 ಸರದಿ ಬೇಕು.

ಆದಾಯ ತೆರಿಗೆ

ವಾಹನವನ್ನು ಬಾಡಿಗೆಗೆ ಓಡಿಸುವ ಉದ್ಯಮದಲ್ಲಿರುವವರಿಗೆ ಸವಕಳಿ ಶೇ. 30. ಸ್ವಂತ ಸರಕನ್ನು ಸಾಗಿಸುವ ವ್ಯಾಪಾರಿಗೆ ಶೇ. 15 ಮಾತ್ರ. ಉದಾಹರಣೆಯಲ್ಲಿ ಮೊದಲ ವರ್ಷದ ಸವಕಳಿ 1,28,400 ರೂ.; ಶೇ. 30ರ ಹಂತದಲ್ಲಿರುವವರಿಗೆ ಇದರಿಂದ ತೆರಿಗೆಯಲ್ಲಾಗುವ ಉಳಿತಾಯ 38,520 ರೂ. ತೆರಿಗೆ ಉಳಿಸಲೆಂದೇ ಹತ್ತು ಲಕ್ಷ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಸವಕಳಿ ಅರ್ಧ. ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ ರಸ್ತೆಗಿಳಿಯುವ ವಾಹನಕ್ಕೆ ಆ ವರ್ಷ 64,200 ರೂ. ಮಾತ್ರ. ಆಯುಧಪೂಜೆ ಅಥವಾ ದೀಪಾವಳಿಯ ಶುಭದಿನಕ್ಕೆ ಕಾಯುವವರು ಇದನ್ನು ತಿಳಿದಿರಬೇಕು. ಉಳಿದ ಸವಕಳಿ ನಷ್ಟವಾಗುವುದಿಲ್ಲ, ಮುಂದಿನ ವರ್ಷಗಳಿಗೆ ಸರಿಯುತ್ತದೆ. ಕೊಳ್ಳುವುದೇ ಆದರೆ ಸೆಪ್ಟೆಂಬರ್ ಕೊನೆಯ ವಾರವು ಎರಡು ದೃಷ್ಟಿಯಿಂದ ಅನುಕೂಲ: ಪೂರ್ಣ ಸವಕಳಿಯೂ ಸಿಗುತ್ತದೆ, ಮಳೆ ಮುಗಿದು ದುಡಿಮೆಯ ಎಂಟು ತಿಂಗಳು ಮುಂದಿರುತ್ತವೆ.

ವಾಹನದ ಬೆಲೆಗಾಗಿ ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ಹಣವು ಆಸ್ತಿಯ ವೆಚ್ಚದಲ್ಲಿ ಸೇರುವುದಿಲ್ಲ. ಸರಕು ವಾಹನದ ಬಾಡಿಗೆಯನ್ನು ದಿನಕ್ಕೆ 35,000 ರೂಪಾಯಿಯ ತನಕ ನಗದಾಗಿ ಕೊಡಬಹುದಾದರೂ ರಸೀದಿ ಇರಲೇಬೇಕು.

ರಹದಾರಿ, ಚಾಲಕ, ವಿಮೆ

ಮೋಟಾರು ವಾಹನ ಕಾಯಿದೆ 1988ರ ಪ್ರಕಾರ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ರಹದಾರಿ ಬೇಡ. ಒಟ್ಟು ತೂಕವೆಂದರೆ ಹೊರುವ ಭಾರವಲ್ಲ, ವಾಹನ ಮತ್ತು ಭಾರ ಸೇರಿದ ತೂಕ. ಸ್ವಲ್ಪ ಹೆಚ್ಚಿನ ಭಾರಕ್ಕೆಂದು ದೊಡ್ಡ ಮಾದರಿಯನ್ನು ಆರಿಸುವಾಗ ಈ ಗೆರೆ ದಾಟುತ್ತದೆಯೇ ಎಂದು ನೋಡಬೇಕು. ಫಿಟ್‌ನೆಸ್ ಪ್ರಮಾಣಪತ್ರವನ್ನು ಎಂಟು ವರ್ಷಗಳ ತನಕ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿ ವರ್ಷ ನವೀಕರಿಸಬೇಕು.

ಸ್ಥಿರ ವೆಚ್ಚದ ಅರ್ಧಕ್ಕಿಂತ ಹೆಚ್ಚು ಚಾಲಕನ ಸಂಬಳವೇ ಆಗಿದೆ. ಲಘು ಮೋಟಾರು ವಾಹನದ ಪರವಾನಿಗೆ ಇರುವವರು 7,500 ಕಿಲೋದೊಳಗಿನ ಒಟ್ಟು ತೂಕದ ಸರಕು ವಾಹನವನ್ನು ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಅಂಗಡಿಯಲ್ಲಿ ಈಗಾಗಲೇ ಇರುವ ನಂಬಿಕಸ್ಥ ನೌಕರನೊಬ್ಬನು ಪರವಾನಿಗೆ ಹೊಂದಿದ್ದು, ಉಳಿದ ವೇಳೆಯಲ್ಲಿ ಅಂಗಡಿಯ ಕೆಲಸವನ್ನೂ ಮಾಡಿದರೆ, ವಾಹನದ ಪಾಲಿಗೆ 8,000 ರೂ. ಸಂಬಳ ಹಾಕಿದರೆ ಸಾಕು. ಆಗ ಸ್ಥಿರ ವೆಚ್ಚ 24,500 ರೂ.; ಬೇಕಾದ ಸರದಿಗಳು 30 ಮಾತ್ರ. ಇಡೀ ಲೆಕ್ಕವನ್ನು ಇದರಷ್ಟು ಬದಲಿಸುವ ಅಂಶ ಬೇರೊಂದಿಲ್ಲ.

ಮಳೆಗಾಲದಲ್ಲಿ ವಾಹನವನ್ನು ಇತರರಿಗೆ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ, ವಿಮಾ ಪಾಲಿಸಿಯು ಸ್ವಂತ ಸರಕಿಗೆ ಮಾತ್ರವೋ ಇತರರ ಸರಕಿಗೂ ಅನ್ವಯವೋ ಎಂದು ಮೊದಲೇ ಓದಿಕೊಳ್ಳಬೇಕು. ಸರಕಿನ ಮೌಲ್ಯ 50,000 ರೂ. ಮೀರಿದಾಗ ಇ-ವೇ ಬಿಲ್ಲಿನ ನಿಯಮಗಳು ಸ್ವಂತ ವಾಹನಕ್ಕೂ ಅನ್ವಯಿಸುತ್ತವೆ. ದಾರಿಯಲ್ಲಿ ಕೆಟ್ಟು ಬೇರೆ ವಾಹನಕ್ಕೆ ಸರಕನ್ನು ಬದಲಿಸಿದರೆ ಬಿಲ್ಲಿನಲ್ಲಿರುವ ವಾಹನ ಸಂಖ್ಯೆಯನ್ನೂ ಬದಲಿಸಬೇಕು.

ಅಂಗಡಿಯ ಪುಸ್ತಕವೇ ನಿರ್ಧರಿಸಲಿ

ಸ್ವಂತ ವಾಹನದ ಪರವಾಗಿ ಒಂದು ಬಲವಾದ ವಾದವಿದೆ. ಬಾಡಿಗೆ ವಾಹನವು ಹೇಳಿದ ಹೊತ್ತಿಗೆ ಬಾರದಿದ್ದಾಗ ಗಿರಾಕಿಯು ಬೇರೆ ಅಂಗಡಿಗೆ ಹೋಗುತ್ತಾನೆ. ಇದನ್ನೂ ಅಂಕಿಯಲ್ಲಿ ಬರೆಯಲು ಸಾಧ್ಯ. ತಿಂಗಳಿಗೆ 4,000 ರೂ. ಲಾಭದ ಒಂದು ಆರ್ಡರು ಈ ಕಾರಣದಿಂದ ತಪ್ಪುತ್ತಿದ್ದರೆ ವರ್ಷಕ್ಕೆ 48,000 ರೂ. ಆಯಿತು. ರಿಯಾಯಿತಿ ದರದ ಬಾಡಿಗೆಯೆದುರು 15,440 ರೂ. ನಷ್ಟವೆಂದು ಕಂಡ ಅದೇ ವಾಹನವು ಆಗ 32,560 ರೂ. ಲಾಭ ತರುತ್ತದೆ.

ಆದುದರಿಂದ ಖರೀದಿಯ ಯೋಚನೆ ಇರುವವರು ಒಂದು ಸರದಿ ಪುಸ್ತಕವನ್ನು ತೆರೆಯುವುದು ಮೊದಲ ಹೆಜ್ಜೆ. ದಿನಾಂಕ, ಸ್ಥಳ, ದೂರ, ತೂಕ, ಕೊಟ್ಟ ಬಾಡಿಗೆ, ಆದ ವಿಳಂಬ, ತಪ್ಪಿದ ಆರ್ಡರು ಎಂಬ ಏಳು ಅಂಕಣಗಳು ಸಾಕು. ಈ ಪುಸ್ತಕದಲ್ಲಿ ಮಳೆಗಾಲದ ತಿಂಗಳುಗಳು ಇರಲೇಬೇಕು. ಕಳೆದ ವರ್ಷದ ಬಾಡಿಗೆ ರಸೀದಿಗಳನ್ನು ಜೋಡಿಸಿದವರಿಗೆ ಇದರ ಬಹುಭಾಗ ಒಂದೇ ಸಂಜೆಯಲ್ಲಿ ಸಿದ್ಧವಾದೀತು. ಕಂಕನಾಡಿಯ ಉದಾಹರಣೆಯ ವ್ಯಾಪಾರಿಗೆ ಸೂಕ್ತವಾದ ದಾರಿಯೆಂದರೆ ಒಂದು ವರ್ಷದ ದರ ಒಪ್ಪಂದ ಮಾಡಿಕೊಂಡು, ಪುಸ್ತಕ ಬರೆದು, ನೌಕರನೊಬ್ಬನಿಗೆ ಪರವಾನಿಗೆ ಮಾಡಿಸಿಟ್ಟು, ಮುಂದಿನ ಸೆಪ್ಟೆಂಬರಿನಲ್ಲಿ ಮತ್ತೆ ಲೆಕ್ಕ ಹಾಕುವುದು. ಒಂದು ವರ್ಷ ತಡವಾಗಿ ಕೊಂಡ ವಾಹನದಿಂದ ಅಂಗಡಿ ಮುಚ್ಚುವುದಿಲ್ಲ. ಮಳೆಗಾಲದಲ್ಲಿ ಕಂತು ಕಟ್ಟಲಾಗದ ವಾಹನದಿಂದ ಅಂಗಡಿಯ ಸರಕೇ ಬರಿದಾಗಬಹುದು.