ತಾಡಪತ್ರಿಯ ಮನೆಯೊಳಗಿನ ಚಳಿ

ದೀಪಾವಳಿ ಕಳೆದು ಕಬ್ಬು ನುರಿಸುವ ಕಾಲ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಲದಂಚಿನಲ್ಲಿ ಹೊಸ ಹೊಸ ಬೀಡುಗಳು ಏಳುತ್ತವೆ. ಮಹಾರಾಷ್ಟ್ರದ ಬೀಡ ಮೊದಲಾದ ಜಿಲ್ಲೆಗಳಿಂದ ಕಬ್ಬು ಕಡಿಯಲು ಬರುವ ಕುಟುಂಬಗಳು ಗಳುಗಳನ್ನು ನೆಟ್ಟು, ಮೇಲೆ ತಾಡಪತ್ರಿಯನ್ನು ಹೊದಿಸಿ, ತಿಂಗಳುಗಟ್ಟಲೆ ಅದರೊಳಗೇ ಸಂಸಾರ ಹೂಡುತ್ತವೆ. ಆ ಮನೆಯ ಗೋಡೆಯ ದಪ್ಪ ಒಂದು ಮಿಲಿಮೀಟರಿನಷ್ಟೂ ಇರಲಾರದು. ಪುಷ್ಯ ಮಾಸದ ಬೆಳಗಿನ ಜಾವದಲ್ಲಿ ಎಳೆಯ ಮಕ್ಕಳು ಅದರೊಳಗೆ ಮಲಗಿರುತ್ತಾರೆ. ಇಂತಹ ಮನೆಯನ್ನು ಬೆಚ್ಚಗಿಡುವುದು ಹೇಗೆ ಎಂಬ ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಇದಕ್ಕೆ ಜನರು ಕಂಡುಕೊಳ್ಳುವ ಉತ್ತರಗಳಲ್ಲಿ ಒಂದು ಪ್ರಾಣಾಂತಿಕವಾದುದು. ಆದಕಾರಣ ನಾವು ಲೆಕ್ಕವನ್ನು ಮೊದಲಿನಿಂದಲೇ ಮಾಡಿ ನೋಡೋಣ.

ತಾಡಪತ್ರಿಯ ಒಟ್ಟು ಮೇಲ್ಮೈ 20 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಒಂದೇ ಪದರದ ತೆಳುವಾದ ಬಟ್ಟೆಯ ಮೂಲಕ, ಒಳಗಿಗೂ ಹೊರಗಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, ಚದರ ಮೀಟರಿಗೆ ಸುಮಾರು 6 ವಾಟ್ ಉಷ್ಣವು ಹೊರಕ್ಕೆ ಹರಿಯುತ್ತದೆ. ಅಂದರೆ ಪ್ರತಿ ಡಿಗ್ರಿಗೂ 120 ವಾಟ್ ನಷ್ಟ. ಇನ್ನು ಆದಾಯದ ಕಡೆ ನೋಡಿದರೆ, ಮಲಗಿರುವ ದೊಡ್ಡವರ ದೇಹವು ಸುಮಾರು 75 ವಾಟ್ ಉಷ್ಣವನ್ನು ಬಿಡುತ್ತದೆ. ಮಕ್ಕಳದು ಅದಕ್ಕಿಂತ ಕಡಮೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 250 ವಾಟ್ ಎನ್ನೋಣ. ಭಾಗಿಸಿದರೆ ಉತ್ತರ ಎರಡು ಡಿಗ್ರಿ. ಹೊರಗೆ 12 ಡಿಗ್ರಿ ಇದ್ದರೆ ಒಳಗೆ 14. ಇಷ್ಟಕ್ಕೇ ತಾಡಪತ್ರಿಯ ಶಕ್ತಿ ಮುಗಿಯಿತು!

ಇದೂ ಗಾಳಿ ನುಸುಳದಿದ್ದಾಗಿನ ಮಾತು. ಒಳಗಿನ ಗಾಳಿ 10 ಘನ ಮೀಟರ್ ಇದ್ದು, ಅಂಚುಗಳ ಸಂದಿಯಿಂದ ಅದು ನಿಮಿಷಕ್ಕೊಮ್ಮೆ ಬದಲಾಗುವುದಾದರೆ, ಆ ದಾರಿಯೊಂದರಿಂದಲೇ ಪ್ರತಿ ಡಿಗ್ರಿಗೆ 200 ವಾಟ್ ಹೊರಟುಹೋಗುತ್ತದೆ. ಬಟ್ಟೆಗಿಂತ ಸಂದಿಯೇ ದೊಡ್ಡ ಕಳ್ಳ. ತಾಡಪತ್ರಿಯ ಅಂಚನ್ನು ಮಣ್ಣಿನಿಂದ ಮುಚ್ಚಿ, ಬಾಗಿಲನ್ನು ಗಾಳಿಗೆ ಬೆನ್ನು ಮಾಡಿ ಇಟ್ಟರೆ ಖರ್ಚಿಲ್ಲದೆ ದೊರೆಯುವ ಲಾಭ ಇದು. ಎರಡನೆಯ ಪದರವೊಂದನ್ನು, ಹಳೆಯ ಸೀರೆಯಾದರೂ ಸರಿ, ನಾಲ್ಕು ಬೆರಳು ಅಂತರ ಬಿಟ್ಟು ಒಳಗೆ ಕಟ್ಟಿದರೆ ಬಟ್ಟೆಯ ಮೂಲಕ ಆಗುವ ನಷ್ಟ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಇಲ್ಲಿ ಕೆಲಸ ಮಾಡುವುದು ಸೀರೆಯಲ್ಲ, ನಡುವೆ ಸಿಕ್ಕಿಕೊಂಡ ನಿಶ್ಚಲವಾದ ಗಾಳಿ.

ಹಾಗೆಂದು ಎಲ್ಲವನ್ನೂ ಬಿಗಿಯಾಗಿ ಮುಚ್ಚಲಾಗದು. ನಾಲ್ವರ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಯಲ್ಲಿ ಅರ್ಧ ಲೀಟರಿಗೂ ಮಿಕ್ಕ ನೀರು ಆವಿಯಾಗಿ ಹೊರಬರುತ್ತದೆ. ನಿರಭ್ರವಾದ ರಾತ್ರಿಯಲ್ಲಿ ತಾಡಪತ್ರಿಯು ಆಕಾಶದ ಕಡೆಗೆ ಉಷ್ಣವನ್ನು ವಿಕಿರಣ ಮಾಡುತ್ತ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆವಿಯು ಅದರ ಒಳಮೈಗೆ ತಾಗಿ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಹಿಂದಿನ ಹತ್ತಿಯ ಕ್ಯಾನ್‌ವಾಸಿನ ರಂಧ್ರಗಳು ಆವಿಯನ್ನು ಸ್ವಲ್ಪ ಹೊರಗೆ ಬಿಡುತ್ತಿದ್ದುವು. ಇಂದಿನ ಪ್ಲಾಸ್ಟಿಕ್ ತಾಡಪತ್ರಿ ಬಿಡದು. ಆದುದರಿಂದ ಕೆಳಗಿನ ಸಂದಿಗಳನ್ನು ಮುಚ್ಚಿ, ಮೇಲ್ಗಡೆ ಒಂದು ಕಿಂಡಿಯನ್ನು ತೆರೆದಿಡತಕ್ಕದ್ದು.

ಮನೆಯನ್ನು ಬೆಚ್ಚಗೆ ಮಾಡುವುದು ಸಾಧ್ಯವಿಲ್ಲವೆಂದಮೇಲೆ ಮನುಷ್ಯನನ್ನೇ ಬೆಚ್ಚಗಿಡುವ ಉಪಾಯವನ್ನು ಹುಡುಕಬೇಕು. ಮೇಲೆ ಹೊದೆಯುವುದರಲ್ಲಿ ಕಂಬಳಿಗೆ ಸಾಟಿಯಿಲ್ಲ. ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮರೆಯುವುದು ಕೆಳಗಿನ ಚಳಿಯನ್ನು. ಮೈಭಾರಕ್ಕೆ ಹಾಸಿಗೆ ಅದುಮಿಹೋಗಿ, ಅದರೊಳಗಿನ ಗಾಳಿ ಹೊರಟು, ದೇಹದ ಉಷ್ಣವು ನೆಲಕ್ಕೆ ವಹನವಾಗುತ್ತದೆ. ಕೃಷ್ಣೆಯ ನೀರು ಕುಡಿದ ತೇವದ ಎರೆಮಣ್ಣು ಒಣ ಹುಲ್ಲಿಗಿಂತ ಹತ್ತು ಪಾಲಿಗೂ ಹೆಚ್ಚು ವೇಗವಾಗಿ ಉಷ್ಣವನ್ನು ಒಯ್ಯಬಲ್ಲದು. ಮದ್ದು ಮಾತ್ರ ಕಾಲಬುಡದಲ್ಲೇ ಬಿದ್ದಿದೆ: ಕಬ್ಬಿನ ಒಣ ರವದಿ! ಒಂದು ಗೇಣು ದಪ್ಪ ಹಾಸಿ, ಮೇಲೆ ಗೋಣಿಚೀಲ ಹೊದಿಸಿದರೆ ಅದುಮಿದ ಮೇಲೂ ಮೂರು ನಾಲ್ಕು ಬೆರಳಿನಷ್ಟು ಉಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಬಿಸಿಲಿಗೆ ಹರಡಬೇಕು. ತೇವಗೊಂಡ ರವದಿಯಿಂದ ಪ್ರಯೋಜನವಿಲ್ಲ. ಮಾಘದ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಿ, ಅದರಲ್ಲೇ ಮಲಗುವವರಿಗೂ ಈ ಮಾತು ಸಲ್ಲುತ್ತದೆ. ಬಂಡಿಯ ಹಲಗೆಯ ಕೆಳಗೆ ಗಾಳಿ ಓಡಾಡುವುದರಿಂದ ಮೇಲೆ ಎಷ್ಟು ಹೊದೆದರೂ ಬೆನ್ನು ಕೊರೆಯುತ್ತದೆ. ಹಲಗೆಯ ಮೇಲೆ ಜೋಳದ ಕಣಿಕೆಯನ್ನೋ ಹುಲ್ಲನ್ನೋ ದಪ್ಪನಾಗಿ ಹಾಸಬೇಕು.

ಈಗ ಆ ಅಪಾಯದ ಉತ್ತರಕ್ಕೆ ಬರೋಣ. ಒಂದು ಕಿಲೋಗ್ರಾಮ್ ಇದ್ದಿಲಿನಿಂದ ಸುಮಾರು 3 ಕೋಟಿ ಜೂಲ್ ಉಷ್ಣ ದೊರೆಯುತ್ತದೆ. ಎಂಟು ಗಂಟೆಗಳಲ್ಲಿ ಅದು ಉರಿದರೆ ಸರಾಸರಿ 1000 ವಾಟ್. ಮೇಲಿನ ಲೆಕ್ಕದಂತೆ ಒಳಗೆ ಎಂಟು ಡಿಗ್ರಿ ಏರಿಕೆ. ಲೆಕ್ಕವೇನೋ ಸರಿ. ಅದಕ್ಕಾಗಿಯೇ ಜನ ಹೊಗೆ ಅಡಗಿದ ಕೆಂಡದ ಶೆಗಡಿಯನ್ನು ಒಳಗಿಟ್ಟು, ಬಾಗಿಲು ಮುಚ್ಚಿ ಮಲಗುತ್ತಾರೆ. ಆದರೆ ಹೊಗೆಯಿಲ್ಲದ ಕೆಂಡವೇ ಹೆಚ್ಚು ಭಯಂಕರ. ಆಮ್ಲಜನಕ ಸಾಲದೆ ಉರಿಯುವ ಇಂಗಾಲವು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವ ಗುಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಕ್ಕಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ಮಂಪರು ತೋರುತ್ತವೆ. ನಿದ್ರಿಸಿದವರಿಗೆ ಆ ಸೂಚನೆಯೂ ಸಿಕ್ಕುವುದಿಲ್ಲ. ಮೇಲೆ ಕಿಂಡಿಯೊಂದಿದೆಯೆಂದು ನೆಚ್ಚುವುದೂ ಸಲ್ಲದು. ಸಾಲದುದಕ್ಕೆ ಕೆಳಗೆ ಒಣ ರವದಿ, ಮೇಲೆ ಪ್ಲಾಸ್ಟಿಕ್. ಒಂದು ಕಿಡಿ ಸಾಕು. ಕೆಂಡವು ಯಾವ ಕಾರಣಕ್ಕೂ ಒಳಗೆ ಬರಕೂಡದು.

ಹಾಗಾದರೆ ಬೆಂಕಿಯ ಉಷ್ಣವನ್ನು ಬೆಂಕಿಯಿಲ್ಲದೆ ಒಳಗೆ ತರಬಹುದೆ? ಅವಶ್ಯವಾಗಿ. ಹೊರಗಿನ ಒಲೆಯ ಮೇಲೆ ಐದು ಲೀಟರು ನೀರನ್ನು 70 ಡಿಗ್ರಿಗೆ ಕಾಯಿಸಿ, ಬಿಗಿಯಾದ ಮುಚ್ಚಳದ ಲೋಹದ ಡಬ್ಬಿಗೆ ತುಂಬಿ, ಗೋಣಿಯನ್ನು ಎರಡು ಮೂರು ಸುತ್ತು ಸುತ್ತಿ ಕಂಬಳಿಯೊಳಗೆ ಕಾಲ ಬಳಿ ಇಡಿರಿ. ಅದು 30 ಡಿಗ್ರಿಗೆ ಇಳಿಯುವಷ್ಟರಲ್ಲಿ 8,40,000 ಜೂಲ್ ಕೊಡುತ್ತದೆ. ಆರು ಗಂಟೆಗೆ ಹಂಚಿದರೆ ಸುಮಾರು 40 ವಾಟ್. ಇಡೀ ಮನೆಗೆ ಇದು ಏನೂ ಅಲ್ಲ. ಒಂದು ಕಂಬಳಿಯೊಳಗೆ ಇನ್ನೊಂದು ಮಗು ಮಲಗಿದಂತೆ. ಅಷ್ಟೇ ತೂಕದ ಬಿಸಿ ಕಲ್ಲು ಇದರ ಐದನೆಯ ಒಂದು ಪಾಲನ್ನು ಮಾತ್ರ ಕೊಟ್ಟೀತು, ಏಕೆಂದರೆ ನೀರಿನ ವಿಶಿಷ್ಟೋಷ್ಣವು ಕಲ್ಲಿನದರ ಐದರಷ್ಟು. ಕೂಸುಗಳ ಮೈಗೆ ಡಬ್ಬಿ ನೇರವಾಗಿ ತಾಗದಂತೆ ಮಾತ್ರ ನೋಡಿಕೊಳ್ಳಬೇಕು. 50 ಡಿಗ್ರಿಯ ಲೋಹವೂ ಎಳೆಯ ಚರ್ಮವನ್ನು ಸುಡಬಲ್ಲದು.

ವಾಚಕರು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಬಗೆಯ ಮೂರು ಡಬ್ಬಿಗಳಲ್ಲಿ ಸಮಾನವಾದ ಬಿಸಿನೀರನ್ನು ತುಂಬಿ, ಒಂದನ್ನು ತೇವದ ಮಣ್ಣಿನ ಮೇಲೂ, ಒಂದನ್ನು ಹಲಗೆಯ ಮೇಲೂ, ಮತ್ತೊಂದನ್ನು ಒಣ ರವದಿಯ ಮೇಲೂ ರಾತ್ರಿ ಅಂಗಳದಲ್ಲಿಟ್ಟು, ಪ್ರತಿ ಅರ್ಧ ಗಂಟೆಗೆ ಉಷ್ಣಮಾಪಕದಿಂದ ಅಳೆದು ನಕ್ಷೆ ಬರೆಯಿರಿ. ಅನಂತರ ಮೂರಕ್ಕೂ ತಾಡಪತ್ರಿ ಹೊದಿಸಿ ಇನ್ನೊಂದು ರಾತ್ರಿ ನೋಡಿರಿ.